ಬಡ್ಡಿ ಗೈ ಲೈವ್: ರೆಕಾರ್ಡಿಂಗ್‌ಗೆ ಸಿಗದ ಬ್ಲೂಸ್

(ತೆರೆಯ ಮೇಲೆ: ಕಪ್ಪು ಗಿಟಾರ್, ಮೈತುಂಬ ಬಿಳಿ ಚುಕ್ಕೆಗಳು)

ನಮಸ್ಕಾರ. ಬಡ್ಡಿ ಗೈ ಅಂದರೆ ಅಮೆರಿಕದ ಕಪ್ಪು ಜನರ ಸಂಗೀತವಾದ ಬ್ಲೂಸ್ ಹಾಡುವ, ಗಿಟಾರ್ ನುಡಿಸುವ ಕಲಾವಿದ. ಅವರ ವಿಡಿಯೋಗಳು ಇಂಟರ್‌ನೆಟ್‌ನಲ್ಲಿ ರಾಶಿ ರಾಶಿ ಸಿಗುತ್ತವೆ. ಹಾಗಿದ್ದ ಮೇಲೆ ಟಿಕೆಟ್ ತಗೊಂಡು, ಸಾಲಿನಲ್ಲಿ ನಿಂತು, ರಾತ್ರಿ ಕಾದು ಕೂತು ಕೇಳಬೇಕಾ? ಖಂಡಿತ ಕೇಳಬೇಕು. ಯಾಕೆ ಅಂದರೆ, ಈ ಮನುಷ್ಯ ಎಷ್ಟು ಮೆಲ್ಲಗೆ ನುಡಿಸಬಲ್ಲರು ಅನ್ನುವುದು ಯಾವ ವಿಡಿಯೋದಲ್ಲೂ ಗೊತ್ತಾಗುವುದಿಲ್ಲ. ಜೋರಾಗಿ ನುಡಿಸುತ್ತಾರೆ ಅಂತ ಎಲ್ಲರಿಗೂ ಗೊತ್ತು. ಆ ಜೋರಿಗೆ ಬೆಲೆ ಬರುವುದೇ ಮೆಲ್ಲಗೆ ನುಡಿಸುವುದರಿಂದ. ಇವತ್ತಿನ ವಿಡಿಯೋ ಪೂರ್ತಿ ಇದರ ಬಗ್ಗೆಯೇ.

ಮೊದಲು ಪರಿಚಯ, ಬೇಗ ಮುಗಿಸುತ್ತೇನೆ. ಬಡ್ಡಿ ಗೈ ಹುಟ್ಟಿದ್ದು 1936ರಲ್ಲಿ, ಅಮೆರಿಕದ ಲೂಸಿಯಾನ ರಾಜ್ಯದ ಲೆಟ್ಸ್‌ವರ್ತ್‌ನಲ್ಲಿ. ಮನೆಯವರು ಬೇರೆಯವರ ಹೊಲವನ್ನು ಪಾಲಿಗೆ ಮಾಡುತ್ತಿದ್ದರು, ಇವರೂ ಚಿಕ್ಕಂದಿನಲ್ಲಿ ಹತ್ತಿ ಬಿಡಿಸಿದವರು. 1957ರಲ್ಲಿ ಷಿಕಾಗೋಗೆ ಬಂದರು. ಆಗ ಆ ಊರಲ್ಲಿ ಮಡ್ಡಿ ವಾಟರ್ಸ್, ಹೌಲಿನ್ ವುಲ್ಫ್, ಲಿಟಲ್ ವಾಲ್ಟರ್, ಬ್ಲೂಸ್‌ನ ದಿಗ್ಗಜರೆಲ್ಲರೂ ಇದ್ದರು. ಅಷ್ಟು ದೊಡ್ಡವರ ನಡುವೆ ಹೆಸರು ಮಾಡುವುದು ಸುಲಭ ಅಲ್ಲ ಅಲ್ವಾ. ಆ ಚುಕ್ಕೆ ಗಿಟಾರ್‌ಗೂ ಒಂದು ಕಥೆ ಇದೆ. ಊರು ಬಿಡುವಾಗ ಅಮ್ಮನಿಗೆ ಆರೋಗ್ಯ ಸರಿ ಇರಲಿಲ್ಲ. ಅವರನ್ನು ಸಮಾಧಾನ ಮಾಡಲು, ದುಡ್ಡು ಸಂಪಾದಿಸಿ ಚುಕ್ಕೆ ಚುಕ್ಕೆಯ ಕ್ಯಾಡಿಲಾಕ್ ಕಾರಿನಲ್ಲಿ ವಾಪಸ್ ಬರ್ತೀನಿ ಅಂದಿದ್ದರಂತೆ. ಕಾರು ಬರಲಿಲ್ಲ. ಅಮ್ಮ ತೀರಿಕೊಂಡ ಎಷ್ಟೋ ವರ್ಷದ ಮೇಲೆ ಆ ಚುಕ್ಕೆಗಳು ಗಿಟಾರ್ ಮೇಲೆ ಬಂದವು.

ಈಗ ವಿಷಯಕ್ಕೆ ಬರೋಣ. ಇವರ ಶುರುವಿನ ರೆಕಾರ್ಡ್‌ಗಳನ್ನು ಕೇಳಿ ಇವರನ್ನು ಅಳೆಯಲು ಹೋಗಬೇಡಿ. ಅದಕ್ಕೆ ಕಾರಣ ಇದೆ. 1960ರ ಆಸುಪಾಸಿನಿಂದ ಇವರು ಷಿಕಾಗೋದ ರೆಕಾರ್ಡ್ ಕಂಪನಿ ಚೆಸ್ ರೆಕಾರ್ಡ್ಸ್‌ನಲ್ಲಿದ್ದರು. ಕ್ಲಬ್‌ಗಳಲ್ಲಿ ಆಂಪ್ಲಿಫೈಯರ್ ಪೂರ್ತಿ ಏರಿಸಿ, ಸ್ಪೀಕರ್ ಸದ್ದು ಗಿಟಾರಿಗೇ ವಾಪಸ್ ಹೊಕ್ಕು ಕೂಗುವ ಫೀಡ್‌ಬ್ಯಾಕ್ ಬರಿಸಿ ನುಡಿಸುತ್ತಿದ್ದರು. ಸ್ಟುಡಿಯೋಗೆ ಬಂದರೆ ಕಂಪನಿಯ ಒಡೆಯ ಲಿಯೊನಾರ್ಡ್ ಚೆಸ್ ಅವರಿಗೆ ಅದು ಬರೀ ಗಲಾಟೆ, ಹಾಗೆ ನುಡಿಸಲು ಬಿಡುತ್ತಿರಲಿಲ್ಲ. ಬೇರೆಯವರ ಹಾಡುಗಳಿಗೆ ಹಿಂದೆ ಕೂತು ಗಿಟಾರ್ ನುಡಿಸುವ ಕೆಲಸವೇ ಜಾಸ್ತಿ ಸಿಕ್ಕಿತು. ಆಮೇಲೆ ಇಂಗ್ಲೆಂಡಿನ ಹುಡುಗರು ಮತ್ತು ರಾಕ್ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಅದೇ ಥರ ಜೋರಾಗಿ ನುಡಿಸಿ ಲಕ್ಷಗಟ್ಟಲೆ ರೆಕಾರ್ಡ್ ಮಾರಿದರು. ಬಡ್ಡಿ ಗೈ ಹಲವು ಸಲ ಹೇಳಿರುವ ಮಾತು ಇದು: ಲಿಯೊನಾರ್ಡ್ ಚೆಸ್ ತಮ್ಮನ್ನು ಕರೆಸಿ, ಬೆನ್ನು ಬಗ್ಗಿಸಿ ನಿಂತು, ಒಂದು ಒದೆ ಕೊಡು, ನೀನು ಇಷ್ಟು ದಿನ ಇದನ್ನೇ ಕೊಡಲು ಬಂದಿದ್ದೆ, ನಮಗೆ ಗೊತ್ತಾಗಲಿಲ್ಲ ಅಂದರಂತೆ. ನನಗೆ ಈ ಕಥೆ ಕೇಳಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಬಡ್ಡಿ ಗೈ ಅವರ ಕೈ ಅಷ್ಟು ಚುರುಕಾಗಿದ್ದ ವರ್ಷಗಳ ನಿಜವಾದ ಸದ್ದು ಆ ಕ್ಲಬ್‌ಗಳ ಗೋಡೆಗಳ ಒಳಗೇ ಉಳಿದುಹೋಯಿತು.

(ತೆರೆಯ ಮೇಲೆ: ಷಿಕಾಗೋ, ರಾತ್ರಿ, ಲೆಜೆಂಡ್ಸ್ ಕ್ಲಬ್‌ನ ಬೋರ್ಡ್)

ನಾನು ಅವರನ್ನು ನೋಡಿದ್ದು ಅವರದೇ ಕ್ಲಬ್‌ನಲ್ಲಿ. ಹೆಸರು ಲೆಜೆಂಡ್ಸ್, 1989ರಲ್ಲಿ ಶುರು ಮಾಡಿದ್ದು, ವಬಾಷ್ ಅವೆನ್ಯೂದಲ್ಲಿದೆ. ವರ್ಷವಿಡೀ ಬೇರೆ ಬ್ಯಾಂಡ್‌ಗಳು ನುಡಿಸುತ್ತವೆ, ಜನವರಿಯಲ್ಲಿ ಮಾತ್ರ ಹಲವು ರಾತ್ರಿ ಅವರೇ ಸ್ಟೇಜ್ ಹತ್ತುತ್ತಾರೆ. ಹೊರಗೆ ಕೊರೆಯುವ ಚಳಿ, ಒಳಗೆ ಕಾಲಿಡಲು ಜಾಗ ಇಲ್ಲ. ಮೊದಲ ಎರಡು ಮೂರು ಹಾಡು ಜೋರು, ಜನ ಕುಣಿಯುತ್ತಿದ್ದಾರೆ, ಬಾರ್ ಹತ್ತಿರ ಮಾತು ನಡೆದೇ ಇದೆ. ಆಮೇಲೆ ಒಂದು ನಿಧಾನದ ಹಾಡು ಎತ್ತಿಕೊಂಡರು. ಒಂದು ಸುತ್ತು ನುಡಿಸಿದ ಮೇಲೆ ಬ್ಯಾಂಡ್ ಕಡೆ ತಿರುಗಿ ಅಂಗೈಯನ್ನು ಸ್ವಲ್ಪ ಕೆಳಗೆ ಮಾಡಿದರು. ಡ್ರಮ್ಮರ್ ಕೈ ಹಗುರ ಮಾಡಿದ. ಕೈ ಇನ್ನೂ ಕೆಳಗೆ ಹೋಯಿತು. ಬಾಸ್ ಬರೀ ಉಸಿರಿನಷ್ಟು ಉಳಿಯಿತು. ಅವರ ಕಿರುಬೆರಳು ಗಿಟಾರ್‌ನ ವಾಲ್ಯೂಮ್ ಗುಂಡಿಯನ್ನು ತಿರುಗಿಸುತ್ತಲೇ ಇತ್ತು. ಕೊನೆಗೆ ಎಲ್ಲಿಗೆ ಬಂತು ಅಂದರೆ, ನನ್ನ ಪಕ್ಕದ ಟೇಬಲ್‌ನಲ್ಲಿ ಯಾರದೋ ಗ್ಲಾಸಿನೊಳಗೆ ಐಸ್ ಜರುಗಿದ್ದು ಕೇಳಿಸಿತು. ಬಾರ್ ಹತ್ತಿರದ ಮಾತು ನಿಂತೇ ಹೋಗಿತ್ತು. ಆಮೇಲೆ ಮೈಕ್ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದು, ಬರೀ ಗಂಟಲಿನಲ್ಲಿ ಒಂದು ಸಾಲು ಹಾಡಿದರು. ಕೋಣೆಯ ಹಿಂದಿನ ಸಾಲಿಗೂ ಮುಟ್ಟಿತು.

ಅದರ ಮರುಕ್ಷಣ ಒಂದೇ ಒಂದು ಸ್ವರ, ಪೂರ್ತಿ ವಾಲ್ಯೂಮ್‌ನಲ್ಲಿ, ತಂತಿಯನ್ನು ಮೇಲಕ್ಕೆ ಎಳೆದು. ನನ್ನ ಎದೆಗೆ ಯಾರೋ ಅಂಗೈ ಒತ್ತಿದ ಹಾಗಾಯಿತು. ಅಕ್ಕಪಕ್ಕದವರು ಕೂಗಿಕೊಂಡರು, ನಾನೂ ಕೂಗಿದೆ.

ಇದು ಫೋನ್ ವಿಡಿಯೋದಲ್ಲಿ ಯಾಕೆ ಬರಲ್ಲ ಅಂತ ಈಗ ನೋಡೋಣ. ಸದ್ದನ್ನು ಅಳೆಯುವುದು ಡೆಸಿಬಲ್ ಲೆಕ್ಕದಲ್ಲಿ. ಪಿಸುಮಾತು ಸುಮಾರು 30 ಡೆಸಿಬಲ್. ಬ್ಯಾಂಡ್ ಪೂರ್ತಿ ಏರಿದಾಗ ಕ್ಲಬ್‌ನಲ್ಲಿ 100 ಡೆಸಿಬಲ್ ದಾಟುವುದು ಮಾಮೂಲು. 10 ಡೆಸಿಬಲ್ ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟು, ನಮ್ಮ ಕಿವಿಗೆ ಹೆಚ್ಚುಕಮ್ಮಿ ಎರಡು ಪಟ್ಟು ಅನಿಸುತ್ತದೆ. ಅಂದರೆ ಒಂದೇ ಹಾಡಿನೊಳಗೆ ಅವರು ಎಷ್ಟು ದೊಡ್ಡ ಅಂತರ ಹತ್ತಿ ಇಳಿಯುತ್ತಾರೆ ನೋಡಿ. ಫೋನ್‌ಗೆ ಈ ಅಂತರ ಇಷ್ಟವಿಲ್ಲ. ಸದ್ದು ಕಮ್ಮಿಯಾದ ತಕ್ಷಣ ಅದು ತಾನಾಗಿಯೇ ಮೈಕ್ ಏರಿಸುತ್ತದೆ, ಜೋರಾದ ತಕ್ಷಣ ಇಳಿಸುತ್ತದೆ. ಸ್ಟುಡಿಯೋ ರೆಕಾರ್ಡ್‌ಗೂ ಈ ಅಂತರವನ್ನು ತಗ್ಗಿಸುವ ಕಂಪ್ರೆಸರ್ ಹಾಕುತ್ತಾರೆ, ಕಾರಿನಲ್ಲಿ, ಸಣ್ಣ ಸ್ಪೀಕರ್‌ನಲ್ಲಿ ಎಲ್ಲ ಭಾಗವೂ ಕೇಳಿಸಲಿ ಅಂತ. ಅದು ತಪ್ಪಲ್ಲ, ಆದರೆ ಬೆಟ್ಟ ಕಣಿವೆ ಎರಡೂ ಸಮತಟ್ಟಾಗುತ್ತವೆ. ಆ ರಾತ್ರಿ ಯಾರೋ ಮಾಡಿದ ವಿಡಿಯೋ ನಾನು ಆಮೇಲೆ ನೋಡಿದೆ. ಅದರಲ್ಲಿ ಆ ಮೆಲ್ಲನೆಯ ಭಾಗವೂ ಜೋರಿನ ಭಾಗವೂ ಒಂದೇ ಎತ್ತರದಲ್ಲಿವೆ, ಜನ ಯಾಕೆ ಕೂಗಿದರು ಅಂತಲೇ ಗೊತ್ತಾಗಲ್ಲ.

ಬರೀ ವಾಲ್ಯೂಮ್ ವಿಷಯ ಅಷ್ಟೇ ಅಂದುಕೊಳ್ಳಬೇಡಿ. ಹಳೇ ಕಾಲದ, ಗಾಜಿನ ಕೊಳವೆಗಳಿಂದ ಕೆಲಸ ಮಾಡುವ ವಾಲ್ವ್ ಆಂಪ್ಲಿಫೈಯರ್‌ಗೆ ಒಂದು ಗುಣ ಇದೆ. ತಂತಿಯನ್ನು ಮೆಲ್ಲಗೆ ಮೀಟಿದರೆ ಸ್ವರ ಸ್ವಚ್ಛವಾಗಿ ಬರುತ್ತದೆ. ಗಟ್ಟಿಯಾಗಿ ಮೀಟಿದರೆ ವಾಲ್ವ್‌ಗೆ ತಡೆದುಕೊಳ್ಳಲು ಆಗದೆ ಅಲೆಯ ತುದಿಗಳು ಚಪ್ಪಟೆಯಾಗಿ, ಸ್ವರ ಒಡೆದು ಕರ್ಕಶವಾಗುತ್ತದೆ. ಆ ಗಡಿಯ ಮೇಲೆ ಆಂಪ್ಲಿಫೈಯರ್ ನಿಲ್ಲಿಸಿಕೊಂಡರೆ ಸ್ವಚ್ಛ ಬೇಕಾ, ಕರ್ಕಶ ಬೇಕಾ ಅನ್ನುವುದು ಬೆರಳ ಒತ್ತಡದಲ್ಲೇ ತೀರ್ಮಾನ ಆಗುತ್ತದೆ. ಒಂದೇ ಸ್ವರ ಪಿಸುಗುಟ್ಟುತ್ತದೆ, ಬೇಡಿಕೊಳ್ಳುತ್ತದೆ, ಬೈಯುತ್ತದೆ. ಬಡ್ಡಿ ಗೈ ತಂತಿಯನ್ನು ಎಳೆಯುವಾಗ ಸ್ವರದ ನಡುವೆ ಎಲ್ಲೋ ನಿಲ್ಲಿಸುತ್ತಾರೆ, ಪಿಯಾನೋದ ಎರಡು ಮನೆಗಳ ಮಧ್ಯೆ ಇರುವ ಜಾಗದಲ್ಲಿ. ಬ್ಲೂಸ್‌ನ ನೋವೆಲ್ಲ ಇರುವುದು ಆ ಜಾಗದಲ್ಲೇ ಅಂತ ನನ್ನ ನಂಬಿಕೆ.

(ತೆರೆಯ ಮೇಲೆ: ಸ್ಟೇಜ್‌ನಿಂದ ಜನರ ನಡುವೆ ಹೋಗುವ ದಾರಿಯ ಚಿತ್ರ)

ಇನ್ನು ಆ ನಡಿಗೆ. ಬಡ್ಡಿ ಗೈ ಸ್ಟೇಜ್ ಇಳಿದು ಜನರ ನಡುವೆ ನುಡಿಸುತ್ತಾ ನಡೆಯುತ್ತಾರೆ. ಇದನ್ನು ಕಲಿತದ್ದು ಗಿಟಾರ್ ಸ್ಲಿಮ್ ಅನ್ನುವ ಬ್ಲೂಸ್ ಕಲಾವಿದರಿಂದ. ಲೂಸಿಯಾನದ ಬ್ಯಾಟನ್ ರೂಜ್‌ನಲ್ಲಿ ಸ್ಲಿಮ್ ಅವರ ಕಾರ್ಯಕ್ರಮಕ್ಕೆ ಹೋಗಿದ್ದಾಗ ಗಿಟಾರ್ ಸದ್ದು ಮಾತ್ರ ಕೇಳಿಸುತ್ತಿತ್ತಂತೆ, ಮನುಷ್ಯ ಕಾಣಿಸುತ್ತಿರಲಿಲ್ಲ. ಆಮೇಲೆ ನೋಡಿದರೆ ಉದ್ದನೆಯ ವೈರ್ ಎಳೆದುಕೊಂಡು ಬಾಗಿಲಿನಿಂದ ಒಳಗೆ ಬರುತ್ತಿದ್ದಾರೆ. ಷಿಕಾಗೋಗೆ ಬಂದ ಮೇಲೆ ಬಡ್ಡಿ ಗೈ ಕೂಡ ಹಾಗೇ ಉದ್ದದ ವೈರ್ ಹಾಕಿಕೊಂಡು ಕ್ಲಬ್‌ನಿಂದ ಹೊರಗೆ ಬೀದಿಗೇ ಹೋಗುತ್ತಿದ್ದರು. ಈಗ ವೈರ್‌ಲೆಸ್ ಬಂದಿದೆ.

ನನ್ನ ಟೇಬಲ್ ಪಕ್ಕ ಬಂದು ನಿಂತರು. ಒಂದು ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಆಗ ನನಗೆ ಎರಡು ಸದ್ದು ಕೇಳಿಸಿತು. ಒಂದು ಸ್ಟೇಜ್‌ನ ಸ್ಪೀಕರ್‌ನಿಂದ ಬರುವ ದೊಡ್ಡ ಸದ್ದು. ಇನ್ನೊಂದು ಅದಕ್ಕಿಂತ ಒಂದು ಕೂದಲೆಳೆ ಮೊದಲು, ತಂತಿಗೆ ಮೀಟುವ ಪಿಕ್ ತಗುಲುವ ಒಣ ಸದ್ದು, ಟಿಕ್ ಅಂತ. ಉಗುರಿನ ತುದಿ, ಬೆರಳ ಗಂಟು, ಎಲ್ಲ ಕಾಣುತ್ತಿತ್ತು.

ಆ ಕೂದಲೆಳೆಯ ಹಿಂದೆ ದೊಡ್ಡ ಕೌಶಲ ಅಡಗಿದೆ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಸ್ಟೇಜ್ ಬಿಟ್ಟು 17 ಮೀಟರ್ ಆಚೆ ನಿಂತರೆ, ಡ್ರಮ್ ಸದ್ದು ಅಲ್ಲಿಗೆ ಬರಲು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಬೇಕು. ಗಿಟಾರ್‌ನ ಸಿಗ್ನಲ್ ಸ್ಟೇಜ್‌ಗೆ ಹೋಗುವುದು ಮಾತ್ರ ಹೆಚ್ಚುಕಮ್ಮಿ ಅದೇ ಕ್ಷಣದಲ್ಲಿ. ಹಾಗಾಗಿ ಅವರು ಕಿವಿಗೆ ಬಿದ್ದ ಡ್ರಮ್ ಜೊತೆ ಸರಿಯಾಗಿ ನುಡಿಸಿದರೆ, ಸ್ಟೇಜ್ ಮುಂದೆ ಕೂತವರಿಗೆ ಗಿಟಾರ್ ಅಷ್ಟು ತಡವಾಗಿ ಬರುತ್ತದೆ. ಅವರಿಗೆ ತಮ್ಮದೇ ಸ್ವರ ವಾಪಸ್ ಕೇಳುವುದೂ ತಡವಾಗಿ. ಇಷ್ಟು ಗೊಂದಲದಲ್ಲಿ ತಾಳ ಬಿಡದೆ ನಡೆಯಬೇಕು ಅಂದರೆ ಕಿವಿಯನ್ನು ಪೂರ್ತಿ ನಂಬುವ ಹಾಗಿಲ್ಲ, ತಾಳ ಮೈಯೊಳಗೇ ಓಡುತ್ತಿರಬೇಕು, ಕೈ ಸ್ವಲ್ಪ ಮುಂಚೆಯೇ ಹೊರಡಬೇಕು. ಜೊತೆಗೆ ನಗುತ್ತಿದ್ದರು, ಒಬ್ಬರ ತಲೆ ಸವರಿದರು, ಹಾಡಿನ ಸಾಲನ್ನು ಜನರ ಬಾಯಿಗೆ ಕೊಟ್ಟು ವಾಪಸ್ ತಗೊಂಡರು.

ಗಿಟಾರನ್ನು ಡ್ರಮ್ ಕೋಲಿನಿಂದ ಬಡಿಯುವುದು, ಬೆನ್ನ ಹಿಂದೆ ಇಟ್ಟು ನುಡಿಸುವುದು, ಬಟ್ಟೆಯಿಂದ ತಂತಿ ಉಜ್ಜುವುದು, ಇದೆಲ್ಲ ಗಿಮಿಕ್ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕ್ಲಬ್‌ನಲ್ಲಿ ಕುಡಿದು ಮಾತಾಡುವ ಜನರ ಗಮನ ಎಳೆಯದೆ ಇದ್ದರೆ ಊಟಕ್ಕೆ ದುಡ್ಡು ಹುಟ್ಟುತ್ತಿರಲಿಲ್ಲ, ಇವರೆಲ್ಲ ಬೆಳೆದದ್ದು ಆ ಶಾಲೆಯಲ್ಲಿ. 1968ರಲ್ಲಿ ನ್ಯೂಯಾರ್ಕಿನಲ್ಲಿ ಇವರನ್ನು ನೋಡಲು ಜಿಮಿ ಹೆಂಡ್ರಿಕ್ಸ್ ಟೇಪ್ ರೆಕಾರ್ಡರ್ ಹಿಡಿದುಕೊಂಡು ಬಂದು ಮುಂದೆ ಕೂತಿದ್ದರು. ಹೆಂಡ್ರಿಕ್ಸ್ ಅಂಥವರೇ ಕಲಿಯಲು ಬಂದ ವಿದ್ಯೆಯನ್ನು ಗಿಮಿಕ್ ಅಂತ ತಳ್ಳಿಹಾಕಲು ನನಗೆ ಮನಸ್ಸು ಬರಲ್ಲ.

2023ರಲ್ಲಿ ಅವರು ವಿದಾಯದ ಪ್ರವಾಸ ಅಂತ ಘೋಷಿಸಿಯೇ ಹೊರಟರು. ಆದರೂ ನುಡಿಸುವುದು ನಿಂತಿಲ್ಲ. ಅವಕಾಶ ಸಿಕ್ಕರೆ ಬಿಡಬೇಡಿ. ಸ್ಪೀಕರ್ ಎದುರಿಗೇ ನಿಲ್ಲಬೇಡಿ, ಕಿವಿಗೆ ಇಯರ್‌ಪ್ಲಗ್ ಇಟ್ಟುಕೊಳ್ಳಿ, ಸಂಗೀತಗಾರರು ಬಳಸುವ ಥರದ್ದು ಆದರೆ ಒಳ್ಳೆಯದು, ಅದರಲ್ಲಿ ಸ್ವರ ಮಂಕಾಗುವುದಿಲ್ಲ. ಮೊದಲ ಸಾಲಿಗೆ ಮುಗಿಬೀಳುವುದೂ ಬೇಡ. ಟೇಬಲ್‌ಗಳ ನಡುವೆ ಓಡಾಡುವ ದಾರಿ ಎಲ್ಲಿದೆ ನೋಡಿ, ಅದರ ಅಂಚಿನಲ್ಲಿ ಒಂದು ಕುರ್ಚಿ ಹಿಡಿಯಿರಿ. ಅವರು ಇಳಿದು ಬರುವುದು ಅದೇ ದಾರಿಯಲ್ಲಿ.