ವೋಡ್ಕಾ ಬಾಟಲಿಯಲ್ಲಿ ಏನಿದೆ?

ಕೇಳುಗರೆಲ್ಲರಿಗೂ ನಮಸ್ಕಾರ.

"ದಿನಾ ರಾತ್ರಿ ಒಂದು ಪೆಗ್ ವೋಡ್ಕಾ ತಗೊಂಡರೆ ಹಾರ್ಟಿಗೆ ಒಳ್ಳೇದಂತೆ, ಹೌದಾ ಡಾಕ್ಟ್ರೇ?" ಬಿಪಿ ನೋಡಿಸಲು ಬರುವವರು ಈಗೀಗ ಈ ಪ್ರಶ್ನೆ ತುಂಬಾ ಕೇಳುತ್ತಾರೆ. ಹೆಚ್ಚಾಗಿ ಐವತ್ತು ದಾಟಿದ ಗಂಡಸರು. ವಾಟ್ಸಾಪಿನಲ್ಲಿ ಬಂದದ್ದನ್ನು ತೆಗೆದು ತೋರಿಸುತ್ತಾರೆ. "ವಿಸ್ಕಿ ಅಲ್ಲ ಡಾಕ್ಟ್ರೇ, ರಮ್ಮೂ ಅಲ್ಲ. ವೋಡ್ಕಾ. ಸಕ್ಕರೆ ಇಲ್ಲ, ಬಣ್ಣ ಇಲ್ಲ, ಪ್ಯೂರ್" ಅನ್ನುತ್ತಾರೆ. ಪಕ್ಕದಲ್ಲಿ ಕೂತ ಹೆಂಡತಿ ನನ್ನ ಮುಖವನ್ನೇ ನೋಡುತ್ತಿರುತ್ತಾರೆ.

ಆಕಾಶವಾಣಿಯವರು ಮಿತವಾಗಿ ಕುಡಿಯುವುದರ ಬಗ್ಗೆ ಮಾತಾಡಿ ಅಂದಾಗ ನಾನು ವೋಡ್ಕಾವನ್ನೇ ಆರಿಸಿಕೊಂಡೆ. ವೋಡ್ಕಾ ಬಗ್ಗೆ ಮಾತಾಡುವುದು ಸುಲಭ. ಅದರಲ್ಲಿರುವುದು ಎರಡೇ. ನೀರು ಮತ್ತು ಆಲ್ಕೋಹಾಲ್.

ವೈನ್ ಆದರೆ ದ್ರಾಕ್ಷಿ ಸಿಪ್ಪೆಯಲ್ಲಿ ಅದಿದೆ ಇದಿದೆ ಅಂತ ವಾದ ಮಾಡಬಹುದು. ವೋಡ್ಕಾದಲ್ಲಿ ಆ ವಾದಕ್ಕೂ ಜಾಗವಿಲ್ಲ. ಗೋಧಿಯಿಂದ ಮಾಡಲಿ, ಆಲೂಗಡ್ಡೆಯಿಂದ ಮಾಡಲಿ, ಕಬ್ಬಿನ ಕಾಕಂಬಿಯಿಂದ ಮಾಡಲಿ, ಬಟ್ಟಿ ಇಳಿಸಿ, ಸೋಸಿ, ಅದರ ರುಚಿ, ವಾಸನೆ, ಬಣ್ಣ ಎಲ್ಲ ತೆಗೆಯುತ್ತಾರೆ. ಹಾಗೆ ತೆಗೆಯುವುದೇ ಆ ಕಸುಬಿನ ಜಾಣತನ. ಆಮೇಲೆ ನೀರು ಬೆರೆಸುತ್ತಾರೆ. ಹೊರದೇಶಗಳಲ್ಲಿ ಸಾಮಾನ್ಯವಾಗಿ ಆಲ್ಕೋಹಾಲ್ ಶೇ 40, ನಮ್ಮಲ್ಲಿ ಶೇ 42.8. ಮೆಂಡಲೀವ್ ಎಂಬ ದೊಡ್ಡ ವಿಜ್ಞಾನಿ, ಆವರ್ತ ಕೋಷ್ಟಕ ಮಾಡಿದವರು, ಶೇ 40 ದೇಹಕ್ಕೆ ಹಿತ ಅಂತ ಕಂಡುಹಿಡಿದರು ಎಂಬ ಕಥೆ ಇದೆ. ಸುಳ್ಳು ಕಥೆ. 1865ರಲ್ಲಿ ಅವರು ಆಲ್ಕೋಹಾಲ್ ಮತ್ತು ನೀರಿನ ಮಿಶ್ರಣದ ಮೇಲೆ ಪ್ರಬಂಧ ಬರೆದದ್ದು ನಿಜ, ಆರೋಗ್ಯಕ್ಕೂ ಅದಕ್ಕೂ ಸಂಬಂಧವಿಲ್ಲ.

ಈಗ ನೀವೇ ಹೇಳಿ. ವೋಡ್ಕಾದಿಂದ ಆರೋಗ್ಯ ಬರಬೇಕಾದರೆ ಎಲ್ಲಿಂದ ಬರಬೇಕು? ನೀರಿನಿಂದ ಬರಬೇಕು, ಇಲ್ಲವೇ ಆಲ್ಕೋಹಾಲ್‌ನಿಂದ ಬರಬೇಕು. ನೀರು ಮನೆಯ ಬಿಂದಿಗೆಯಲ್ಲೇ ಇದೆ. ಉಳಿದದ್ದು ಆಲ್ಕೋಹಾಲ್.

ಹಾರ್ಟಿಗೆ ಒಳ್ಳೆಯದು ಎಂಬ ಮಾತು ಪೂರ್ತಿ ಗಾಳಿಸುದ್ದಿಯೂ ಅಲ್ಲ. 2012ರಲ್ಲಿ ಅಮೆರಿಕದಲ್ಲಿ ಒಂದು ಪ್ರಯೋಗ ಪ್ರಕಟವಾಯಿತು. ಕೊಬ್ಬು ತಿನ್ನಿಸಿ ಕೊಲೆಸ್ಟರಾಲ್ ಏರಿಸಿದ 27 ಹಂದಿಗಳು. ಕೆಲವಕ್ಕೆ ರೆಡ್ ವೈನ್, ಕೆಲವಕ್ಕೆ ವೋಡ್ಕಾ, ಕೆಲವಕ್ಕೆ ಎರಡೂ ಇಲ್ಲ. ಏಳು ವಾರ ಆದ ಮೇಲೆ ನೋಡಿದರೆ ವೈನ್ ಕುಡಿದ ಹಂದಿ, ವೋಡ್ಕಾ ಕುಡಿದ ಹಂದಿ ಎರಡರ ಹೃದಯದಲ್ಲೂ ರಕ್ತ ಸಾಲದ ಭಾಗಕ್ಕೆ ಹರಿವು ಸುಧಾರಿಸಿತ್ತು. ಒಳ್ಳೆಯ ಪ್ರಯೋಗವೇ. ಆದರೆ ಒಬ್ಬರಿಂದ ಒಬ್ಬರಿಗೆ ಫಾರ್ವರ್ಡ್ ಆಗುತ್ತಾ ಹಂದಿ ಬಿದ್ದುಹೋಯಿತು, ವೋಡ್ಕಾ ಉಳಿಯಿತು!

ಆಲ್ಕೋಹಾಲ್ ಎಚ್‌ಡಿಎಲ್ ಏರಿಸುತ್ತದೆ, ಅದೂ ನಿಜ. ನೀವು ಒಳ್ಳೆ ಕೊಲೆಸ್ಟರಾಲ್ ಅನ್ನುತ್ತೀರಲ್ಲ, ಅದು. ಆದರೆ ಅದನ್ನು ಏರಿಸಿದರೆ ಸಾಕು, ಹಾರ್ಟ್ ಬಚಾವ್ ಅನ್ನುವ ಲೆಕ್ಕ ತಪ್ಪು. ಎಚ್‌ಡಿಎಲ್ ಚೆನ್ನಾಗಿ ಏರಿಸುವ ಟಾರ್ಸೆಟ್ರಾಪಿಬ್ ಎಂಬ ಮಾತ್ರೆಯ ದೊಡ್ಡ ಪರೀಕ್ಷೆಯನ್ನು 2006ರಲ್ಲಿ ಅರ್ಧಕ್ಕೇ ನಿಲ್ಲಿಸಿದರು. ಮಾತ್ರೆ ನುಂಗಿದವರಲ್ಲೇ ಸಾವು ಜಾಸ್ತಿ ಆಗಿತ್ತು.

ಮತ್ತೆ ಸ್ವಲ್ಪ ಕುಡಿಯುವವರು ಏನೂ ಕುಡಿಯದವರಿಗಿಂತ ಜಾಸ್ತಿ ಬದುಕುತ್ತಾರೆ ಅಂತ ಹಳೆಯ ಅಧ್ಯಯನಗಳು ಹೇಳಿದ್ದವಲ್ಲ? ಹೇಳಿದ್ದವು. ಆ "ಕುಡಿಯದವರ" ಗುಂಪಿನಲ್ಲಿ ಯಾರ್ಯಾರಿದ್ದರು ನೋಡಿ. ಜಾಂಡೀಸ್ ಬಂದು ಬಿಟ್ಟವರು. ಬೈಪಾಸ್ ಆಗಿ ಬಿಟ್ಟವರು. ಡಾಕ್ಟರ್ ಬೈದರು ಅಂತ ಬಿಟ್ಟವರು. ಕಾಯಿಲೆಯವರನ್ನೆಲ್ಲ ಆ ಕಡೆ ಕೂರಿಸಿದರೆ ಈ ಕಡೆಯವರು ಗಟ್ಟಿಮುಟ್ಟಾಗಿ ಕಾಣದೆ ಇನ್ನೇನು? 1988ರಲ್ಲೇ ಬ್ರಿಟನ್ನಿನ ಸಂಶೋಧಕರು ಇದನ್ನು ಎತ್ತಿ ತೋರಿಸಿದ್ದರು. 2019ರಲ್ಲಿ ಚೀನಾದಿಂದ ಇನ್ನೂ ಗಟ್ಟಿಯಾದ ಉತ್ತರ ಬಂತು. ಅಲ್ಲಿ ಅನೇಕರಿಗೆ ಹುಟ್ಟಿನಿಂದಲೇ ಆಲ್ಕೋಹಾಲ್ ಒಗ್ಗುವುದಿಲ್ಲ, ಸ್ವಲ್ಪ ಕುಡಿದರೂ ಮುಖ ಕೆಂಪಾಗುತ್ತದೆ. ಅದು ಜೀನಿನಲ್ಲೇ ಇರುವ ಗುಣ. ಹಾಗಾಗಿ ಕುಡಿಯುತ್ತೀರಾ ಅಂತ ಬಾಯಿಮಾತಿನಲ್ಲಿ ಕೇಳುವುದರ ಬದಲು ಜೀನು ನೋಡಿಯೇ ಲೆಕ್ಕ ಹಾಕಿದರು. ಸ್ವಲ್ಪ ಕುಡಿದರೆ ಸ್ಟ್ರೋಕ್ ಕಡಿಮೆ ಅನ್ನುವ ಲಾಭ ಮಾಯವಾಯಿತು. ಕುಡಿತ ಹೆಚ್ಚಿದಷ್ಟೂ ಬಿಪಿ, ಸ್ಟ್ರೋಕ್ ಎರಡೂ ಏರುತ್ತಾ ಹೋದವು.

ಇನ್ನು ವೋಡ್ಕಾದ ತವರು, ರಷ್ಯಾ. ಅಷ್ಟೊಂದು ವೋಡ್ಕಾ ಕುಡಿಯುವ ಜನಕ್ಕೆ ಅದರಿಂದ ಒಳ್ಳೆಯದಾಗಿದ್ದರೆ ಅಲ್ಲಿ ಕಾಣಬೇಕಿತ್ತು, ಅಲ್ವಾ? 1985ರಲ್ಲಿ ಆಗಿನ ಸೋವಿಯತ್ ನಾಯಕ ಗೋರ್ಬಚೆವ್ ಮದ್ಯದ ಮೇಲೆ ಬಿಗಿ ಮಾಡಿದರು. ಒಂದೆರಡು ವರ್ಷದಲ್ಲೇ ಅಲ್ಲಿನ ಗಂಡಸರ ಸರಾಸರಿ ಆಯಸ್ಸು 65ರ ಹತ್ತಿರಕ್ಕೆ ಏರಿತು. ಬಿಗಿ ಸಡಿಲವಾಯಿತು, ದೇಶವೂ ಒಡೆಯಿತು, 1994ಕ್ಕೆ ಅದು 58ಕ್ಕಿಂತ ಕೆಳಗಿಳಿಯಿತು. ಆಮೇಲೆ ಸೈಬೀರಿಯಾ ಕಡೆಯ ಮೂರು ಊರುಗಳಲ್ಲಿ ಒಂದೂವರೆ ಲಕ್ಷ ಜನರನ್ನು ವರ್ಷಗಟ್ಟಲೆ ಗಮನಿಸಿದರು. ಸಿಗರೇಟು ಸೇದುವ ಗಂಡಸರ ಲೆಕ್ಕ ಹೇಳುತ್ತೇನೆ. ವಾರಕ್ಕೆ ಅರ್ಧ ಲೀಟರಿನ ಒಂದು ಬಾಟಲಿಗಿಂತ ಕಡಿಮೆ ಕುಡಿಯುವವರಲ್ಲಿ 35 ದಾಟಿದ ಮೇಲೆ 55 ತುಂಬುವ ಮುಂಚೆಯೇ ಸಾಯುವವರು 100ಕ್ಕೆ 16. ವಾರಕ್ಕೆ ಮೂರು ಬಾಟಲಿ ಅಥವಾ ಇನ್ನೂ ಜಾಸ್ತಿ ಕುಡಿಯುವವರಲ್ಲಿ 100ಕ್ಕೆ 35. ಮೂರು ಬಾಟಲಿ ಅಂದರೆ ಭಾರಿ ಅನ್ನಿಸಬಹುದು. ದಿನಕ್ಕೆ ನಮ್ಮ 180 ಎಂಎಲ್‌ನ ಒಂದು ಕ್ವಾರ್ಟರ್‌ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಕ್ವಾರ್ಟರ್ ಮುಗಿಸಿ "ನಂದು ಲಿಮಿಟ್ಟೇ" ಅನ್ನುವವರು ನಿಮ್ಮ ಬೀದಿಯಲ್ಲೇ ಇದ್ದಾರೆ.

ವೋಡ್ಕಾ ಯಾವತ್ತೂ ಯಾರ ಜೀವವನ್ನೂ ಉಳಿಸಿಲ್ಲವೇ ಅಂತ ಕೇಳಿದರೆ, ಉಳಿಸಿದೆ. ಇದನ್ನು ನಾನು ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಹೇಳುತ್ತೇನೆ.

2007. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಮಕಾಯ್ ಅಂತ ಒಂದು ಊರು. ಅಲ್ಲಿನ ಆಸ್ಪತ್ರೆಗೆ 24 ವರ್ಷದ ಇಟಲಿಯ ಪ್ರವಾಸಿಯನ್ನು ತಂದರು. ಎಥಿಲೀನ್ ಗ್ಲೈಕಾಲ್ ಹೊಟ್ಟೆಗೆ ಹೋಗಿತ್ತು. ಕಾರಿನ ರೇಡಿಯೇಟರಿಗೆ ಕೂಲೆಂಟ್ ಹಾಕುತ್ತೀರಲ್ಲ, ಅದರಲ್ಲಿರುವ ವಸ್ತು. ರುಚಿ ಸಿಹಿ. ವಿಚಿತ್ರ ಏನೆಂದರೆ, ಅದು ಇದ್ದ ಹಾಗೇ ಇದ್ದರೆ ಅಷ್ಟು ಕೆಡುಕು ಮಾಡುವುದಿಲ್ಲ. ನಮ್ಮ ಲಿವರ್ ಅದನ್ನು ಒಡೆದಾಗ ವಿಷ ಹುಟ್ಟುತ್ತದೆ. ರಕ್ತ ಆಮ್ಲವಾಗುತ್ತದೆ. ಕಿಡ್ನಿಯಲ್ಲಿ ಸಣ್ಣ ಸಣ್ಣ ಹರಳು ಕಟ್ಟಿ ಕಿಡ್ನಿ ಕೈಕೊಡುತ್ತದೆ. ಒಡೆಯುವ ಕೆಲಸ ಮಾಡುವುದು ಲಿವರಿನ ಒಂದು ಎಂಜೈಮು. ನಾವು ಕುಡಿಯುವ ಆಲ್ಕೋಹಾಲನ್ನು ಒಡೆಯುವುದೂ ಅದೇ. ಎರಡೂ ಒಟ್ಟಿಗೆ ಬಂದರೆ ಅದು ಮೊದಲು ಆಲ್ಕೋಹಾಲಿನ ಕೈ ಹಿಡಿಯುತ್ತದೆ. ಗ್ಲೈಕಾಲ್ ಕಾಯುತ್ತಾ ಕೂರುತ್ತದೆ. ಕಾಯುತ್ತಿರುವಾಗಲೇ ಮೂತ್ರದಲ್ಲಿ ಹೊರಗೆ ಹೋಗಿಬಿಡುತ್ತದೆ. ಎಷ್ಟು ಚೆಂದ ನೋಡಿ!

ಹಾಗಾಗಿ ಡಾಕ್ಟರುಗಳು ಶುದ್ಧ ಆಲ್ಕೋಹಾಲನ್ನು ಡ್ರಿಪ್‌ನಲ್ಲಿ ಕೊಟ್ಟರು. ಸ್ವಲ್ಪ ಹೊತ್ತಿಗೆ ಆಸ್ಪತ್ರೆಯ ಸ್ಟಾಕ್ ಖಾಲಿ. ಏನು ಮಾಡುವುದು? ಒಂದು ಕೇಸ್ ವೋಡ್ಕಾ ತರಿಸಿದರು. ಮೂಗಿನಿಂದ ಹೊಟ್ಟೆಗೆ ಟ್ಯೂಬ್ ಹಾಕಿ ಗಂಟೆಗೆ ಸುಮಾರು ಮೂರು ಡ್ರಿಂಕಿನ ಲೆಕ್ಕದಲ್ಲಿ ಮೂರು ದಿನ ಕೊಟ್ಟರು. ಹುಡುಗ ಐಸಿಯುನಲ್ಲಿ, ಪ್ರಜ್ಞೆ ಇಲ್ಲ. ಪಕ್ಕದಲ್ಲಿ ನರ್ಸ್ ಲೆಕ್ಕ ಬರೆಯುತ್ತಾ ವೋಡ್ಕಾ ಬಿಡುತ್ತಿದ್ದಾರೆ, ಊಹಿಸಿಕೊಳ್ಳಿ. ಬದುಕಿದ. ಎದ್ದು ನಡೆದು ಮನೆಗೆ ಹೋದ. ಪ್ರಜ್ಞೆ ಬರುವ ಹೊತ್ತಿಗೆ ಹ್ಯಾಂಗೋವರೂ ಇಳಿದುಹೋಗಿತ್ತಂತೆ. ಆಸ್ಪತ್ರೆಯ ಲೆಕ್ಕದಲ್ಲಿ ಒಂದು ಕೇಸ್ ವೋಡ್ಕಾ ಯಾಕೆ ಬಂತು ಅಂತ ಆಡಳಿತದವರಿಗೆ ವಿವರಿಸಬೇಕಾಯಿತು. ಅವರೂ ಒಪ್ಪಿಕೊಂಡರು.

ಇಷ್ಟುದ್ದ ಯಾಕೆ ಹೇಳಿದೆ ಅಂದರೆ, ಅಲ್ಲಿ ಕೆಲಸ ಮಾಡಿದ್ದು ವೋಡ್ಕಾದ ಮಹಿಮೆ ಅಲ್ಲ. ಅದರೊಳಗಿನ ಆಲ್ಕೋಹಾಲ್. ಬ್ರಾಂದಿ ಸಿಕ್ಕಿದ್ದರೂ ನಡೆಯುತ್ತಿತ್ತು. ಕಳ್ಳಬಟ್ಟಿಯಲ್ಲಿ ಬೆರೆಯುವ ಮೆಥನಾಲ್ ವಿಷಕ್ಕೂ ಇದೇ ಸೂತ್ರ. 1981ರಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನ ಸತ್ತದ್ದು, 2008ರಲ್ಲಿ ಕರ್ನಾಟಕ, ತಮಿಳುನಾಡು ಗಡಿಯಲ್ಲಿ ಮತ್ತೆ ನೂರಾರು ಮನೆ ಹಾಳಾದದ್ದು ಮೆಥನಾಲ್‌ನಿಂದ. ದಯವಿಟ್ಟು ಇದನ್ನು ಕೇಳಿ ಯಾರೂ ಮನೆಯಲ್ಲಿ ವೋಡ್ಕಾ ವೈದ್ಯ ಮಾಡಲು ಹೋಗಬೇಡಿ. ಕುಡಿದವರಿಗೆ ಕಣ್ಣು ಮಂಜಾದರೆ, ಉಸಿರು ಜೋರಾದರೆ, ಆ ಕ್ಷಣವೇ ಆಸ್ಪತ್ರೆಗೆ. ಈಗ ಫೊಮೆಪಿಝೋಲ್ ಅಂತ ಬೇರೆ ಔಷಧಿಯೂ ಇದೆ.

ಕಥೆ ಉದ್ದವಾಯಿತು. ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಉಳಿದದ್ದನ್ನು ಓಡಿಸುತ್ತೇನೆ.

ಅಳತೆ. ಕೆಮ್ಮಿನ ಸಿರಪ್ಪಿನ ಬಾಟಲಿ ಮೇಲೆ 10 ಎಂಎಲ್ ಗೆರೆ ಇರುವ ಮುಚ್ಚಳ ಬರುತ್ತದಲ್ಲ, ಅದರಲ್ಲಿ ಮೂರು ಸಲ ನೀರು ಅಳೆದು ಒಂದು ಸ್ಟೀಲ್ ಲೋಟಕ್ಕೆ ಹಾಕಿ ನೋಡಿ. ತಳ ಮಾತ್ರ ಒದ್ದೆ. ಅದು ಒಂದು ಸಣ್ಣ ಪೆಗ್, 30 ಎಂಎಲ್, ಅದರಲ್ಲಿ 10 ಗ್ರಾಂ ಆಲ್ಕೋಹಾಲ್. ನೀವು ಕಣ್ಣಳತೆಯಲ್ಲಿ ಬಗ್ಗಿಸುವ "ಒಂದು ಪೆಗ್" ಎಷ್ಟು ಅಂತ ನಾನು ಕೇಳುವುದಿಲ್ಲ, ಮನೆಯವರಿಗೆ ಗೊತ್ತು. "ನಾನು ಬರೀ ಬಿಯರ್" ಅನ್ನುವವರೇ, ಶೇ 7ರ ದೊಡ್ಡ ಸ್ಟ್ರಾಂಗ್ ಬಿಯರ್ ಒಂದರಲ್ಲಿ ಮೂರೂವರೆ ಸಣ್ಣ ಪೆಗ್ಗಿನಷ್ಟು ಆಲ್ಕೋಹಾಲ್ ಇದೆ.

ಶುಗರ್. ವೋಡ್ಕಾದಲ್ಲಿ ಸಕ್ಕರೆ ಇಲ್ಲ, ಒಪ್ಪಿದೆ. ಕ್ಯಾಲರಿ ಇದೆ, ಒಂದು ಕ್ವಾರ್ಟರ್‌ಗೆ 420ರ ಮೇಲೆ. ಜೊತೆಗೆ ಸುರಿಯುವ ಸ್ಪ್ರೈಟು, ನೆಂಚಿಕೊಳ್ಳುವ ಗೋಬಿ ಮಂಚೂರಿ ಬೇರೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಮಾತ್ರೆ ತಗೊಳ್ಳುವವರು ಖಾಲಿ ಹೊಟ್ಟೆಗೆ ಕುಡಿದರೆ ರಾತ್ರಿ ಶುಗರ್ ಪಾತಾಳಕ್ಕೆ ಇಳಿಯುತ್ತದೆ. ತಲೆ ಸುತ್ತುತ್ತದೆ, ಮಾತು ತೊದಲುತ್ತದೆ. ಮನೆಯವರು ಜಾಸ್ತಿ ಆಗಿದೆ, ಮಲಗಲಿ ಬಿಡು ಅನ್ನುತ್ತಾರೆ. ಅಲ್ಲೇ ಅನಾಹುತ.

ಹ್ಯಾಂಗೋವರ್. ವೋಡ್ಕಾಗೆ ಕಡಿಮೆ, ನಿಜ. ತಲೆನೋವು ಕಡಿಮೆ ಅಂದರೆ ಲಿವರಿಗೆ ಪೆಟ್ಟು ಕಡಿಮೆ ಅಂತಲ್ಲ. ಲಿವರಿಗೆ ಬರುವುದು ಆಲ್ಕೋಹಾಲ್, ಲೇಬಲ್ ಅಲ್ಲ.

ಚಳಿ. ಕುಡಿದಾಗ ಚರ್ಮದ ರಕ್ತನಾಳ ಹಿಗ್ಗಿ ಬೆಚ್ಚಗೆ ಅನಿಸುತ್ತದೆ, ಒಳಗಿನ ಬಿಸಿ ಹೊರಗೆ ಹೋಗುತ್ತದೆ. ಬಾಣಂತಿಗೆ, ಮಗುವಿಗೆ ಶೀತ ಅಂತ ಬ್ರಾಂದಿ ಕುಡಿಸುವ ಅಜ್ಜಿಯರು ಈಗಲೂ ಇದ್ದಾರೆ. ಅಜ್ಜಿ, ಬೇಡ.

ಕ್ಯಾನ್ಸರ್. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1988ರಲ್ಲೇ ಮದ್ಯವನ್ನು ತಂಬಾಕಿನ ಸಾಲಿಗೆ ಸೇರಿಸಿತು. ಬಾಯಿ, ಗಂಟಲು, ಅನ್ನನಾಳ, ಲಿವರ್, ದೊಡ್ಡ ಕರುಳು, ಹೆಂಗಸರಲ್ಲಿ ಸ್ತನ. ಗುಟ್ಕಾ, ಸಿಗರೇಟು ಜೊತೆಗಿದ್ದರೆ ಇನ್ನೂ ಬೇಗ.

ಹಾಗಾಗಿ ಕುಡಿಯದವರು ಆರೋಗ್ಯದ ಹೆಸರಿನಲ್ಲಿ ಶುರು ಮಾಡಬೇಡಿ. ಯಾವಾಗಲೋ ಮದುವೆಯಲ್ಲಿ ಒಂದು ಪೆಗ್ ಹಾಕುವವರೇ, ಇಷ್ಟ ಅಂತ ಹಾಕಿದೆ ಅನ್ನಿ. ಹಾರ್ಟಿಗೋಸ್ಕರ ಹಾಕಿದೆ ಅನ್ನಬೇಡಿ, ನನಗೆ ಸಿಟ್ಟು ಬರುತ್ತದೆ.

ಒಂದು ಮಾತು ಬಿಟ್ಟುಹೋಗಬಾರದು. ವರ್ಷಗಟ್ಟಲೆ ದಿನಾ ಕುಡಿಯುತ್ತಿರುವವರು ಈ ಭಾಷಣ ಕೇಳಿ ನಾಳೆಯಿಂದಲೇ ಏಕದಂ ನಿಲ್ಲಿಸಬೇಡಿ. ಕೈ ನಡುಕ, ನಿದ್ದೆ ಇಲ್ಲದಿರುವುದು, ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ, ಜೀವಕ್ಕೇ ಅಪಾಯ. ಮಾತ್ರೆ ಕೊಟ್ಟು ಸುರಕ್ಷಿತವಾಗಿ ಬಿಡಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಬೇರೆ ವಿಭಾಗ ಇದೆ. ದೂರದ ಊರಿನವರು ಕುಡಿತ ಬಿಡಿಸುವ ಸಹಾಯವಾಣಿ 14446ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ. ಹೆಂಡತಿ ಮಕ್ಕಳೂ ಮಾಡಬಹುದು.

ನಮಸ್ಕಾರ.