ಬಲೆ ಎಳೀರಿ, ಹೊರಡುವ

ಎಲ್ಲರಿಗೂ ನಮಸ್ಕಾರ. ನಾನು ಮಲ್ಪೆಯಿಂದ ಟ್ರಾಲ್ ಬೋಟಿಗೆ, ಅಂದ್ರೆ ಬಲೆ ಹಿಂದೆ ಎಳ್ಕೊಂಡು ಹೋಗಿ ಮೀನು ಹಿಡಿಯುವ ಬೋಟಿಗೆ, ಹೋಗ್ತಾ ಇದ್ದವ. 2019ರ ದೀಪಾವಳಿ ಸಮಯದಲ್ಲಿ ಅರ್ಧಕ್ಕೇ ಬಲೆ ಎಳೆದು ಓಡಿ ಬಂದ ಒಂದು ಟ್ರಿಪ್ಪಿನ ಬಗ್ಗೆ ಹೇಳ್ತೇನೆ.

ಆಳಸಮುದ್ರದ ಬೋಟು ಅಂದ್ರೆ ಹತ್ತು ಹನ್ನೆರಡು ದಿನದ ಲೆಕ್ಕ, ಸಾವಿರಗಟ್ಟಲೆ ಲೀಟರ್ ಡೀಸೆಲ್, ಐಸು, ಅಕ್ಕಿ, ನೀರು ಎಲ್ಲಾ ತುಂಬಿಸಿಯೇ ಹೊರಡೋದು. ಜೂನ್, ಜುಲೈ 61 ದಿನ ನಮಗೆ ರಜೆ, ಹಾಗಾಗಿ ಆಮೇಲೆ ಸಿಗುವ ಒಂದೊಂದು ಟ್ರಿಪ್ಪೂ ಮನೆಗೆ ಬೇಕು. ನಾವು ಏಳು ಜನ, ಬೋಟು ನಡೆಸುವ ತಂಡೇಲರು ಗಂಗೊಳ್ಳಿ ಕಡೆಯವರು.

ಮೂರನೇ ದಿನ ಬೆಳಿಗ್ಗೆ ಗಾಳಿಯೇ ಇಲ್ಲ, ಕಡಲು ಎಣ್ಣೆ ಹೊಯ್ದ ಹಾಗೆ ಇತ್ತು, ಆದ್ರೆ ಅಡಿಯಿಂದ ಉದ್ದುದ್ದ ತೆರೆ ಬಂದು ಬೋಟನ್ನು ಮೆಲ್ಲ ಎತ್ತಿ ಇಳಿಸ್ತಾ ಇತ್ತು. ಗಾಳಿ ಇಲ್ಲದೆ ಇಂಥ ತೆರೆ ಬಂದ್ರೆ ದೂರದಲ್ಲೆಲ್ಲೋ ದೊಡ್ಡದು ಎದ್ದಿದೆ ಅಂತ ಅರ್ಥ. ಅಲ್ಲಿ ಮೊಬೈಲ್ ಸಿಗೋದಿಲ್ಲ, ವಯರ್‌ಲೆಸ್ಸಲ್ಲಿ ಒಂದು ಬೋಟಿನವರು ಇನ್ನೊಂದಕ್ಕೆ ದಾಟಿಸ್ತಾ ದಾಟಿಸ್ತಾ ಸುದ್ದಿ ನಮ್ಮ ಹತ್ರ ಬಂತು, ಚಂಡಮಾರುತ ಉಂಟಂತೆ, ಎಲ್ಲರೂ ದಡಕ್ಕೆ ಬನ್ನಿ ಅಂತ.

ಆಗ ಬಲೆ ನೀರಲ್ಲಿತ್ತು. ತಂಡೇಲರು ಬಂದು ಬಲೆಯ ರೋಪಿನ ಮೇಲೆ ಅಂಗೈ ಇಟ್ರು, ಬಲೆ ಎಷ್ಟು ಭಾರ ಆಗಿದೆ ಅಂತ ಅವರಿಗೆ ಆ ನಡುಕದಲ್ಲೇ ಗೊತ್ತಾಗ್ತದೆ. ಒಳ್ಳೆ ಭಾರ ಇತ್ತು. ನಾನು, "ಅಣ್ಣ, ಸಂಜೆವರೆಗೆ ನೋಡುವ, ಇನ್ನೊಂದು ಬಲೆ ಮೀನು ಸಿಗ್ತದೆ" ಅಂದೆ. ಅವರು ಕೈ ತೆಗೆದು, "ಬಲೆ ಎಳೀರಿ, ಹೊರಡುವ" ಅಂದ್ರು ಅಷ್ಟೇ. ಆ ಒಂದು ಮಾತು ಹೇಳೋದು ಎಷ್ಟು ಕಷ್ಟ ಅಂತ ದಡದಲ್ಲಿರೋರಿಗೆ ಗೊತ್ತಾಗಬೇಕು ಅಂತಲೇ ನಾನು ಇವತ್ತು ಇಲ್ಲಿ ಕೂತದ್ದು, ಯಾಕಂದ್ರೆ ಲೆಕ್ಕ ಕೇಳುವಾಗ ಡೀಸೆಲ್ ಎಲ್ಲಿ ಹೋಯ್ತು ಅಂತ ಕೇಳೋದು ತಂಡೇಲರೊಬ್ಬರ ಹತ್ರ.

ಮಲ್ಪೆಗೆ ಬರಲಿಲ್ಲ. ಕಡಲು ಎದ್ದಾಗ ಹೊಳೆ ಕಡಲಿಗೆ ಸೇರುವ ಅಳಿವೆ ಬಾಗಿಲಲ್ಲಿ ನುಗ್ಗೋದು ಅಪಾಯ, ಅಲ್ಲಿ ಮರಳು ತುಂಬಿ ಆಳ ಕಡಿಮೆ ಇದ್ರೆ ತೆರೆ ಎದ್ದು ಅಲ್ಲೇ ಒಡೆಯೋದು, ಬೋಟು ಅಡ್ಡ ತಿರುಗಿದ್ರೆ ಮುಗೀತು. ಕಾರವಾರದಲ್ಲಾದ್ರೆ ಗುಡ್ಡ, ದ್ವೀಪಗಳ ಮರೆ ಉಂಟು, ಹಾಗಾಗಿ ಆ ಕಡೆ ಹೊರಟ್ವಿ. ದಾರಿಯಲ್ಲಿ ಗಾಳಿ ಶುರುವಾಯ್ತು, ಆಮೇಲೆ ಮಳೆ, ಎದುರಿನ ಬೋಟಿನ ಲೈಟೂ ಕಾಣದಷ್ಟು. ಒಲೆ ಹಚ್ಚಲಿಕ್ಕೆ ಆಗಲಿಲ್ಲ, ಎರಡು ಹೊತ್ತು ಬರೀ ಅವಲಕ್ಕಿ ತಿಂದದ್ದು.

ಕಾರವಾರದ ಬಂದರು ಇರುವ ಬೈತಖೋಲದ ಹತ್ರ ಬಂದಾಗ ನೋಡಿದ್ರೆ ಮಲ್ಪೆ, ಮಂಗಳೂರು, ಗೋವಾದ ಬೋಟುಗಳು ಒತ್ತೊತ್ತಾಗಿ ನಿಂತಿದ್ದಾವೆ. ಸಿಗ್ನಲ್ ಸಿಕ್ಕಿದ ಕೂಡಲೇ ಅಮ್ಮನಿಗೆ ಫೋನ್ ಮಾಡಿದೆ. ಆಚೆಯಿಂದ ಮಾತೇ ಇಲ್ಲ, ಹಿಂದೆ ರೇಡಿಯೋ ಮಾತ್ರ ಕೇಳ್ತಾ ಇತ್ತು, "ಮೀನುಗಾರರು ಕಡಲಿಗೆ ಇಳಿಯಬಾರದು" ಅಂತ. ಆ ಕ್ಯಾರ್ ಅನ್ನುವ ಚಂಡಮಾರುತ ದೀಪಾವಳಿ ದಿನವೇ ಸೂಪರ್ ಸೈಕ್ಲೋನ್ ಆಯ್ತು, ಅರಬ್ಬಿ ಸಮುದ್ರದಲ್ಲಿ 2007ರ ಗೋನು ಚಂಡಮಾರುತದ ನಂತರ ಅಂಥದ್ದು ಅದೇ ಮೊದಲು. ಅದು ಪಶ್ಚಿಮಕ್ಕೆ ಹೋಯ್ತು ಅನ್ನುವಷ್ಟರಲ್ಲಿ ಲಕ್ಷದ್ವೀಪದ ಕಡೆ 'ಮಹಾ' ಅನ್ನುವ ಇನ್ನೊಂದು ಚಂಡಮಾರುತ ಎದ್ದಿತು.

ಐಸೆಲ್ಲಾ ಕರಗಿತ್ತು, ಆ ಟ್ರಿಪ್ಪಲ್ಲಿ ಪಾಲು ಅಂತ ಯಾರ ಕೈಗೂ ಏನೂ ಬರಲಿಲ್ಲ. ಮಹಾ ದೂರ ಹೋದ ಮೇಲೆ ಅದೇ ಏಳು ಜನ ಮಲ್ಪೆ ದಕ್ಕೆಯಲ್ಲಿ ಮತ್ತೆ ಐಸು ತುಂಬಿಸ್ತಾ ಇದ್ವಿ, ತಂಡೇಲರು ವಯರ್‌ಲೆಸ್ಸಿನ ಹೊಸ ಬ್ಯಾಟರಿ ತಾವೇ ಹೆಗಲ ಮೇಲೆ ಹೊತ್ತು ತಂದ್ರು.