ಹಾರ್ನ್ ಹೊಡೆದರೆ ಮಂಜು ಸರಿಯುತ್ತಾ?

ನಮಸ್ಕಾರ, ನಮಸ್ಕಾರ. ಮಡಿಕೇರಿ ಪಕ್ಕದ ನಮ್ಮ ತೋಟದ ಮನೆ ಜಗಲಿಯಿಂದ ಮಾತಾಡುತ್ತಿದ್ದೇನೆ. ಹಿಂದೆ ಜೋರಾಗಿ ಕೇಳುತ್ತಿರುವುದು ಮಳೆ. ಮೈಕ್ ಕೆಟ್ಟಿಲ್ಲ. ಹೋದ ಸಲ ಹನ್ನೊಂದು ಜನ ಮೈಕ್ ರಿಪೇರಿ ಮಾಡಿಸಿ ಅಂತ ಬರೆದಿದ್ದರು. ಜುಲೈ ತಿಂಗಳಲ್ಲಿ ನಮ್ಮೂರಿನ ಸದ್ದೇ ಇದು, ರಿಪೇರಿಗೆ ಕೊಡೋಕೆ ಆಗಲ್ಲ.

ಶುರು ಮಾಡುವ ಮುಂಚೆ ಒಂದು ಕೆಲಸ. ಇದು ಫಿಲ್ಟರ್. ನಮ್ಮ ಅಜ್ಜಿ ಕಾಲದ ಹಿತ್ತಾಳೆ ಫಿಲ್ಟರ್. ಮೂರು ಚಮಚ ಪುಡಿ ಹಾಕಿದ್ದೇನೆ, ನಮ್ಮದೇ ತೋಟದ್ದು, ಬೇಕಾದವರಿಗೆ ಲಿಂಕ್ ಕೆಳಗಿದೆ. ಈಗ ಕುದಿಯೋ ನೀರು ಸುರಿಯುತ್ತಿದ್ದೇನೆ. ಮುಚ್ಚಿದೆ, ನೋಡಿದಿರಲ್ವಾ? ಈ ವಿಡಿಯೊ ಮುಗಿಯುವವರೆಗೂ ಇದನ್ನು ಮುಟ್ಟಲ್ಲ. ಡಿಕಾಕ್ಷನ್ ತಾನಾಗಿ ಇಳಿಯಲಿ.

ಸರಿ, ವಿಷಯ. ಹೋದ ವಿಡಿಯೊ ಕೆಳಗೆ ಒಬ್ಬ ಮಹಾನುಭಾವರು ಬರೆದಿದ್ದಾರೆ: “ಗುರೂ, ಎರಡು ಪಟ್ಟು ಸ್ಪೀಡಲ್ಲಿ ನೋಡಿದೆ, ಆದರೂ ನೀನು ವಿಷಯಕ್ಕೆ ಬರೋಕೆ ನಾಲ್ಕು ನಿಮಿಷ ಆಯ್ತು.” ಅಲ್ಲ ಸ್ವಾಮಿ, ಆ ವಿಡಿಯೊ ಇದ್ದಿದ್ದೇ ಏಳು ನಿಮಿಷ. ಎರಡು ಪಟ್ಟು ಸ್ಪೀಡಲ್ಲಿ ಮೂರೂವರೆ ನಿಮಿಷಕ್ಕೆ ಇಡೀ ವಿಡಿಯೊ ಮುಗಿದು ಹೋಗುತ್ತೆ. ಮಿಕ್ಕ ಅರ್ಧ ನಿಮಿಷ ಎಲ್ಲಿಂದ ತಂದಿರಿ?

ಇದನ್ನು ಓದಿ ನಕ್ಕು ಸುಮ್ಮನಾಗಿದ್ದೆ. ಆದರೆ ಶನಿವಾರ ಇನ್ನೊಂದು ನಡೆಯಿತು. ಸಂಪಾಜೆಯಿಂದ ಘಾಟಿ ಹತ್ತಿ ಬರುತ್ತಿದ್ದೆ. ಸಂಜೆ ಐದು ಗಂಟೆ ಇರಬೇಕು. ಮಂಜು ಅಂದರೆ ಎಂಥ ಮಂಜು! ಮುಂದಿನ ಬಸ್ಸಿನ ಎರಡು ಕೆಂಪು ಲೈಟು ಬಿಟ್ಟರೆ ಲೋಕವೇ ಇಲ್ಲ. ಒಂದು ಕಡೆ ಬರೆ, ಅಂದರೆ ಗುಡ್ಡ ಕಡಿದ ಮಣ್ಣಿನ ಗೋಡೆ, ಇನ್ನೊಂದು ಕಡೆ ಕಣಿವೆ. ಬರೆಯಿಂದ ನೀರು ರಸ್ತೆಗೆ ಇಳಿಯುತ್ತಿದೆ. ಬಸ್ಸು ತೆವಳುತ್ತಿದೆ, ನಾನು ಅದರ ಹಿಂದೆ ತೆವಳುತ್ತಿದ್ದೇನೆ. ನನ್ನ ಹಿಂದೆ ಒಂದು ಬಿಳಿ ಕಾರು. ಪೇಂ. ಪೇಂ ಪೇಂ. ಪೇಂಂಂಂ.

ನಾನೇನು ಮಾಡಲಿ? ಬಸ್ಸಿನ ಮೇಲೆ ಹತ್ತಲಾ? ಗಾಜು ಇಳಿಸಿ ಕೈ ತೋರಿಸಿದೆ, ಕಾಣಲ್ವಾ ಮಂಜು ಅಂತ. ಮತ್ತೆ ಪೇಂ. ಆಗ ನನಗೆ ಅನ್ನಿಸಿದ್ದು ಇಷ್ಟೇ: ಈ ಮನುಷ್ಯ ನನಗೆ ಹಾರ್ನ್ ಹೊಡೆಯುತ್ತಿಲ್ಲ. ಬಸ್ಸಿಗೂ ಅಲ್ಲ. ಮಂಜಿಗೆ ಹೊಡೆಯುತ್ತಿದ್ದಾನೆ. ಅಣ್ಣಾ, ಹಾರ್ನ್ ಹೊಡೆದರೆ ಮಂಜು ಸರಿಯುತ್ತಾ?

ಮುಂದೆ ಒಂದು ತಿರುವಲ್ಲಿ ನುಗ್ಗಿ ನನ್ನನ್ನೂ ಬಸ್ಸನ್ನೂ ಹಿಂದೆ ಹಾಕಿ ಹೋದ. ಎಷ್ಟು ಅರ್ಜೆಂಟೋ ಪಾಪ ಅಂದುಕೊಂಡೆ. ಮಡಿಕೇರಿ ಪೇಟೆಗೆ ಬಂದು ನೋಡಿದರೆ ಅದೇ ಬಿಳಿ ಕಾರು ಹೋಮ್‌ಮೇಡ್ ಚಾಕೊಲೇಟ್ ಅಂಗಡಿ ಮುಂದೆ ನಿಂತಿದೆ. ಆಸಾಮಿ ಒಳಗೆ ನಿಂತು ಒಂದೊಂದೇ ಸ್ಯಾಂಪಲ್ ತಿನ್ನುತ್ತಿದ್ದಾನೆ. ಗೋಡಂಬಿದು ಒಂದು, ದ್ರಾಕ್ಷಿದು ಒಂದು. ಅಲ್ಲಿ ತಾಳ್ಮೆ ಇದೆ ನೋಡಿ!

ನಾನು ಹೇಳೋದು ಇಷ್ಟು. ಕೆಲವು ಸಂಗತಿಗಳಿಗೆ ಅವುಗಳದ್ದೇ ಸಮಯ ಇರುತ್ತೆ. ನಮ್ಮ ಅರ್ಜೆಂಟು ಅವಕ್ಕೆ ಗೊತ್ತಾಗಲ್ಲ. ಅದನ್ನು ಒಪ್ಪಿಕೊಂಡರೆ ಅರ್ಧ ಸಿಟ್ಟು ಅಲ್ಲೇ ಇಳಿಯುತ್ತೆ. ಕಣ್ಣು ಮುಚ್ಚಿ ಹತ್ತು ಎಣಿಸಿ, ಉಸಿರು ಎಳೆದು ಬಿಡಿ ಅನ್ನುತ್ತಾರಲ್ಲ, ಘಾಟಿಯಲ್ಲಿ ಕಣ್ಣು ಮುಚ್ಚಿದರೆ ಮುಗೀತು ಕಥೆ.

ಕಾಫಿ ಬೆಳೆಯೋರಿಗೆ ಇದು ಗೊತ್ತಿರಬೇಕು. ಗೊತ್ತಿಲ್ಲ, ಅದು ಬೇರೆ ಮಾತು. ಫೆಬ್ರವರಿ, ಮಾರ್ಚಲ್ಲಿ ಹೂಮಳೆ ಬರಬೇಕು. ಒಂದು ಇಂಚು ಬಿದ್ದರೆ ಸಾಕು, ಎಂಟೊಂಬತ್ತು ದಿನಕ್ಕೆ ಇಡೀ ತೋಟ ಬಿಳಿ. ಬೆಳಗ್ಗೆ ಬಾಗಿಲು ತೆಗೆದರೆ ಮಲ್ಲಿಗೆ ಅಂಗಡಿಯೊಳಗೆ ನಿಂತ ಹಾಗೆ. ಒಬ್ಬರು ಕೇಳಿದರು, ಮಳೆಗೆ ಯಾಕ್ರೀ ಕಾಯಬೇಕು, ಸ್ಪ್ರಿಂಕ್ಲರ್ ಇದೆಯಲ್ಲ ಅಂತ. ಇದೆ ಸ್ವಾಮಿ, ನಮ್ಮಲ್ಲೂ ಇದೆ. ಸ್ಪ್ರಿಂಕ್ಲರ್ ನೀರನ್ನು ಬೇಗ ತರುತ್ತೆ. ಹೂವನ್ನು ಬೇಗ ತರುತ್ತಾ? ನೀರು ಬಿದ್ದ ಮೇಲೆ ಅದೇ ಎಂಟೊಂಬತ್ತು ದಿನ. ಹೂವಿಂದ ಹಣ್ಣಾಗೋಕೆ ರೊಬಸ್ಟಾ ಜಾತಿಯ ಕಾಫಿಗೆ ಹತ್ತು ಹನ್ನೊಂದು ತಿಂಗಳು. ಮನುಷ್ಯರ ಮಗುವೇ ಅದಕ್ಕಿಂತ ಮುಂಚೆ ಬಂದು ಬಿಡುತ್ತೆ!

ನಾನೇನು ದೊಡ್ಡ ಋಷಿ ಅಲ್ಲ. ಎರಡು ವರ್ಷದ ಹಿಂದಿನ ಕಥೆ ಹೇಳುತ್ತೇನೆ, ನಮ್ಮ ಮನೆಯವರು ಒಳಗಿಂದ ಕೇಳಿಸಿಕೊಂಡು ನಗಲಿ. ಕಣದಲ್ಲಿ ರೊಬಸ್ಟಾ ಹಣ್ಣು ಹರವಿದ್ದೆವು. ಒಳ್ಳೆ ಬಿಸಿಲಿದ್ದರೂ ಹನ್ನೆರಡರಿಂದ ಹದಿನೈದು ದಿನ ಬೇಕು. ಹಗಲು ಮತ್ತೆ ಮತ್ತೆ ಕೈಯಾಡಿಸಬೇಕು, ಸಂಜೆ ಗುಡ್ಡೆ ಮಾಡಿ ಮುಚ್ಚಬೇಕು, ಬೆಳಗ್ಗೆ ಮತ್ತೆ ಹರವಬೇಕು. ಹತ್ತನೇ ದಿನ ಮೋಡ ಬಂತು. ಅದೇ ಹೊತ್ತಿಗೆ ರೇಟು ಇಳಿಯುತ್ತಂತೆ ಅಂತ ಯಾರೋ ಗಾಳಿಸುದ್ದಿ ಬಿಟ್ಟರು. ನನಗೆ ತಡೆಯಲಿಲ್ಲ. ಒಣಗಿದೆಯಾ ಅಂತ ನೋಡೋಕೆ ಹಳಬರಿಗೆ ಮಿಷನ್ ಬೇಕಿರಲಿಲ್ಲ. ಒಂದು ಹಿಡಿ ತೆಗೆದು ಕಿವಿ ಹತ್ತಿರ ಅಲ್ಲಾಡಿಸಿದರೆ ಒಳಗಿನ ಬೀಜ ಗಲಗಲ ಅನ್ನಬೇಕು. ನಾನೂ ಅಲ್ಲಾಡಿಸಿದೆ. ಅದು ಗಲಗಲ ಅನ್ನಲಿಲ್ಲ. ನಾನೇ ಮನಸ್ಸಲ್ಲಿ ಗಲಗಲ ಅಂದುಕೊಂಡು ಚೀಲಕ್ಕೆ ತುಂಬಿಸಿದೆ.

ವಾರ ಬಿಟ್ಟು ವ್ಯಾಪಾರಿ ಬಂದರು. ಚೀಲ ಬಿಚ್ಚಿ ಮೊಣಕೈವರೆಗೆ ಕೈ ತೂರಿಸಿದರು. ತೆಗೆದು ಮೂಸಿದರು. ಆಮೇಲೆ ನನ್ನ ಮುಖ ನೋಡಿದರು. ಒಂದು ಮಾತೂ ಆಡಲಿಲ್ಲ. ಒಳಗೆ ಬೂಷ್ಟು. ಅವತ್ತು ಅವರು ಹೇಳಿದ ರೇಟನ್ನು ಇಲ್ಲಿ ಹೇಳಲ್ಲ. ಹೇಳಿದರೆ ನಮ್ಮ ಮಾವನವರಿಗೆ ಗೊತ್ತಾಗುತ್ತೆ, ಅವರೂ ಸಬ್‌ಸ್ಕ್ರೈಬರ್. ನೀವಿನ್ನೂ ಆಗಿಲ್ಲ ಅಂದರೆ ಆಗಿ, ಎಂಬತ್ತು ವರ್ಷದ ಮಾವನವರಿಗೇ ಆಗಿದೆ.

ಅವತ್ತು ಕಣದ ಮುಂದೆ ನಿಂತು ನಾನು ಮಾಡಿದ್ದೂ ಅದೇ ಅಲ್ವಾ? ಬಿಸಿಲಿಗೆ ಹಾರ್ನ್ ಹೊಡೆದಿದ್ದು.

ಈಗ ಕಾಮೆಂಟ್ ಪಂಡಿತರು. ಒಬ್ಬರು: “ತೋಟದಲ್ಲಿ ಕೂತು ಹೇಳೋದು ಸುಲಭ, ಬೆಂಗಳೂರಲ್ಲಿ ಕೆಲಸ ಮಾಡಿದರೆ ಗೊತ್ತಾಗುತ್ತೆ.” ಮಾಡಿದ್ದೇನೆ ಸ್ವಾಮಿ, ಆರು ವರ್ಷ. ಸಿಗ್ನಲ್ ಹಸಿರಾಗೋ ಮುಂಚೆ ಹಿಂದಿಂದ ಹಾರ್ನ್ ಕೇಳಿಸಿಕೊಂಡು ಕೇಳಿಸಿಕೊಂಡೇ ಈ ಕಿವಿ ಹೀಗಾಗಿರೋದು. ಇನ್ನೊಬ್ಬರು: “ಆ್ಯಂಬುಲೆನ್ಸ್ ಆಗಿದ್ದರೆ?” ಆ್ಯಂಬುಲೆನ್ಸ್ ಆಗಿದ್ದರೆ ದಾರಿ ಬಿಡುತ್ತೇನೆ. ಚಾಕೊಲೇಟ್ ತಿನ್ನೋ ಆ್ಯಂಬುಲೆನ್ಸ್ ನಾನು ನೋಡಿಲ್ಲ.

ಮೂರನೆಯವರು ಓದಿಕೊಂಡವರು. ತಾಳ್ಮೆ ಹುಟ್ಟಿನಿಂದ ಬರೋದು, ಕಲಿಯೋದಲ್ಲ, ಮಾರ್ಷ್‌ಮ್ಯಾಲೋ ಪರೀಕ್ಷೆ ನೋಡಿ ಅಂದಿದ್ದಾರೆ. ಅದು ಅಮೆರಿಕದ ಸ್ಟ್ಯಾನ್‌ಫರ್ಡಲ್ಲಿ ವಾಲ್ಟರ್ ಮಿಶೆಲ್ ಅನ್ನೋರು ಮಾಡಿದ್ದು. ಮಗುವಿನ ಮುಂದೆ ಒಂದು ಮಿಠಾಯಿ ಇಟ್ಟು, ನಾನು ಬರುವವರೆಗೆ ತಿನ್ನದೆ ಇದ್ದರೆ ಎರಡು ಕೊಡುತ್ತೇನೆ ಅನ್ನೋದು. ಸರಿ, ಆಮೇಲಿನದ್ದೂ ಓದಬೇಕಲ್ವಾ? ರೋಚೆಸ್ಟರ್ ವಿಶ್ವವಿದ್ಯಾಲಯದವರು 28 ಮಕ್ಕಳನ್ನು ಕೂರಿಸಿ ಇದನ್ನೇ ಬೇರೆ ಥರ ಮಾಡಿದರು, 2012ರಲ್ಲಿ ಅದರ ಸುದ್ದಿ ಬಂತು. ಮೊದಲು ಅರ್ಧ ಮಕ್ಕಳಿಗೆ, ಒಳ್ಳೆ ಬಣ್ಣದ ಪೆನ್ಸಿಲ್ ತರುತ್ತೇನೆ ಅಂತ ಹೇಳಿ ಹೋಗಿ ಬರಿಗೈಯಲ್ಲಿ ಬಂದರು. ಇನ್ನರ್ಧ ಮಕ್ಕಳಿಗೆ ಹೇಳಿದ್ದನ್ನು ತಂದುಕೊಟ್ಟರು. ಆಮೇಲೆ ಮಿಠಾಯಿ ಇಟ್ಟರು. ಮೋಸ ಹೋದ ಮಕ್ಕಳು ಸರಾಸರಿ ಮೂರು ನಿಮಿಷ ಕಾದವು. ಮಾತು ಉಳಿಸಿಕೊಂಡವರ ಮುಂದೆ ಕೂತಿದ್ದವು ಹನ್ನೆರಡು ನಿಮಿಷ. ಹುಟ್ಟಿನಿಂದ ಬಂದ ತಾಳ್ಮೆಯೆಲ್ಲ ಎಲ್ಲಿ ಹೋಯಿತು?

ಇದಕ್ಕೆ ಅವರು ಏನು ಹೇಳುತ್ತಾರೆ ಅಂತಲೂ ಗೊತ್ತು. ಹಾಗಾದರೆ ತಪ್ಪು ನಮ್ಮದಲ್ಲ, ನಾಳೆ ಬಾ ನಾಡಿದ್ದು ಬಾ ಅಂತ ಅಲೆಸಿ ಅಲೆಸಿ ನಮ್ಮ ತಾಳ್ಮೆ ಕೆಡಿಸಿದ್ದಾರೆ ಅಂತ. ಹೌದಪ್ಪ, ಒಪ್ಪಿದೆ. ಆದರೆ ಮಂಜು ಯಾವತ್ತು ಮಾತಿಗೆ ತಪ್ಪಿದೆ? ಮಂಜು ಮಾತೇ ಕೊಟ್ಟಿಲ್ಲ. ಮುಂದಿನ ಕಾಮೆಂಟ್.

ಕಾಯೋದು ನಮಗೆ ಬರಲ್ಲ ಅಂತಲ್ಲ, ಅದೇ ನನಗೆ ಉರಿಯೋದು. ನಮ್ಮ ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ದಿನ ನೋಡಿ. ಗದ್ದೆಯಲ್ಲಿ ಭತ್ತ ಹಣ್ಣಾಗಿ ನಿಂತಿದೆ, ಕೈಯಲ್ಲಿ ಕುಡುಗೋಲಿದೆ, ಆದರೂ ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪನ ಸನ್ನಿಧಿಯಲ್ಲಿ ಗೊತ್ತು ಮಾಡಿದ ಗಳಿಗೆ ಬರುವವರೆಗೆ ಒಂದು ತೆನೆ ಮುಟ್ಟಲ್ಲ. ಚಳಿಯಲ್ಲಿ, ರಾತ್ರಿಯಲ್ಲಿ, ಮಕ್ಕಳು ಮರಿ ಕಟ್ಟಿಕೊಂಡು ನಿಲ್ಲುತ್ತೇವೆ. ಆಮೇಲೆ ಕೋವಿ ಢಂ ಅನ್ನಬೇಕು, ಪೊಲಿ ಪೊಲಿ ದೇವಾ ಅಂತ ಕೂಗಬೇಕು, ಆಗಲೇ ಕೊಯ್ಲು. ಅದೇ ಜನ ಮರುದಿನ ಗೋಣಿಕೊಪ್ಪದಲ್ಲಿ ಪೆಟ್ರೋಲ್ ಹಾಕಿಸೋಕೆ ಎರಡು ನಿಮಿಷ ನಿಲ್ಲೋಕೆ ಆಗದೆ ಸಾಲು ಮುರಿದು ನುಗ್ಗುತ್ತಾರೆ! ಏನ್ ಜನಾನಪ್ಪ! ಇನ್ನು ರೇಟು ಏರುತ್ತೆ ಅಂತ ಕಾಫಿ ಚೀಲ ಗೋಡೌನಲ್ಲಿ ಇಟ್ಟು ಕಾಯೋದಕ್ಕಂತೂ ನಮ್ಮನ್ನು ಮೀರಿಸೋರೇ ಇಲ್ಲ. ಬುದ್ಧನೂ ಅಷ್ಟು ಕಾದಿರಲಿಕ್ಕಿಲ್ಲ.

ಪಕ್ಕದ ಮನೆ ಅಜ್ಜಿ ಈಗ ಕಾಚಂಪುಳಿ, ಅಂದರೆ ಅಡುಗೆಗೆ ಹಾಕುವ ನಮ್ಮ ಕಪ್ಪು ಹುಳಿ, ಮಾಡೋಕೆ ಇಟ್ಟಿದ್ದಾರೆ. ಬುಟ್ಟಿ ತುಂಬ ಹಣ್ಣು, ಕೆಳಗೆ ಪಾತ್ರೆ. ಹಣ್ಣು ತಾನಾಗಿ ಕರಗಿ ರಸ ತೊಟ್ಟಿಕ್ಕಬೇಕು, ದಿನಗಟ್ಟಲೆ. ಆಮೇಲೆ ಅದನ್ನು ಕುದಿಸಿ ಕುದಿಸಿ ಕಪ್ಪಗೆ ಗಟ್ಟಿ ಮಾಡಬೇಕು. ಒಬ್ಬರು ಫೋನ್ ಮಾಡಿ, ಡಬಲ್ ದುಡ್ಡು ಕೊಡುತ್ತೇನೆ, ನಾಳೆಗೆ ಒಂದು ಬಾಟಲಿ ಕಳಿಸಿ ಅಂದರಂತೆ. ಅಜ್ಜಿ ಹೇಳಿದರಂತೆ, “ದುಡ್ಡನ್ನೂ ಬುಟ್ಟಿಗೇ ಹಾಕ್ತೇನೆ ಮಗಾ, ರಸ ಬಿಡುತ್ತಾ ನೋಡುವ.” ಆ ಕಾಚಂಪುಳಿ ರೆಡಿಯಾದ ಮೇಲೆ ನಮ್ಮ ಚಾನೆಲಲ್ಲೇ ಹೇಳುತ್ತೇನೆ. ಈಗ ಕೇಳಬೇಡಿ. ಕೇಳಬೇಡಿ ಅಂದೆ!

ಮತ್ತೆ ಈ ರಾಜಾಸೀಟಿಗೆ ಜುಲೈಯಲ್ಲಿ ಬಂದು, ಎಲ್ಲ ಬೆಳ್ಳಗಿದೆ, ವ್ಯೂ ಯಾವಾಗ ಕಾಣುತ್ತೆ ಅಂತ ಕಡಲೆಕಾಯಿ ಮಾರೋರನ್ನು ಗದರೋರು. ಅವರು ಪರದೆ ಎಳೆಯೋ ಕೆಲಸಕ್ಕೆ ಇದ್ದಾರಾ? ಮಂಜು ಸರಿದಾಗ ಕಾಣುತ್ತೆ. ಸರಿಯದಿದ್ದರೆ ಇಲ್ಲ. ಬರ್ತಾ ಇದೆ ಸಿಟ್ಟು ನನಗೆ. ಹಾರ್ನ್ ಹೊಡೆದರೆ ಮಂಜು ಸರಿಯಲ್ಲ! ಕೂಗಿದರೆ ಸರಿಯಲ್ಲ! ಎರಡು ಪಟ್ಟು ಸ್ಪೀಡಲ್ಲಿ ನೋಡಿದರೂ ಸರಿಯಲ್ಲ!

ಸಾರಿ. ನಾಯಿ ಎದ್ದಿತು.

ಇನ್ನೊಂದು ಪಾಯಿಂಟ್ ಬರೆದುಕೊಂಡಿದ್ದೆ. ಇಲ್ಲಿ ನೀರು ಬಿದ್ದು ಅಳಿಸಿದೆ. “ದಿನಕ್ಕೆ ಒಂದು” ಅಂತಷ್ಟೇ ಕಾಣುತ್ತೆ. ಹಾಂ, ದಿನಕ್ಕೆ ಒಂದು ಕೆಲಸ ಕೈ ಹಾಕದೆ ಕಾಯುವುದು. ಈ ಫಿಲ್ಟರ್ ಇದೆಯಲ್ಲ, ಇದೇ ನನ್ನ ಅಭ್ಯಾಸ. ಮೂರು ವಾರ ಆಯಿತು. ತಟ್ಟಲ್ಲ, ಅಲ್ಲಾಡಿಸಲ್ಲ, ಮುಚ್ಚಳ ತೆಗೆದು ಇಣುಕಲ್ಲ. ಇಳಿದಾಗ ಇಳಿಯಲಿ ಅಂತ ಕೂರೋದು. ಬೇರೆ ಎಲ್ಲಾದರೂ ವ್ಯತ್ಯಾಸ ಆಗಿದೆಯಾ? ಶನಿವಾರ ಘಾಟಿಯಲ್ಲಿ ನಾನು ಬೈದಿಲ್ಲ. ಗಾಜು ಇಳಿಸಿ ಬೈದಿಲ್ಲ ಅಂತ.

ಈಗ ನೋಡೋಣ ಎಷ್ಟು ಇಳಿದಿದೆ. ಓಹೋ, ತುಂಬಿದೆ! ಒಳ್ಳೆ ದಪ್ಪ ಡಿಕಾಕ್ಷನ್, ನೋಡಿ ಬಣ್ಣ. ಹಾಲು ಬಿಸಿ ಇದೆಯಾ ಅಂತ ಒಳಗೆ ಕೇಳುತ್ತೇನೆ... ಏನು? ಹೇಳಬೇಕಾ? ಇಲ್ಲ, ಅದೇನೂ ಬೇಡ, ಹಾಲು ತಾ.

ಸರಿ, ಹೇಳುತ್ತೇನೆ. ಪೆಟ್ರೋಲ್ ಬಂಕಿನ ಮಾತಾದ ಮೇಲೆ ವಿಡಿಯೊದಲ್ಲಿ ಒಂದು ಸಣ್ಣ ಕಟ್ ಇತ್ತಲ್ಲ, ನೀವು ಗಮನಿಸಿರಲಿಕ್ಕಿಲ್ಲ. ಕರೆಂಟ್ ಹೋಗಿತ್ತು. ಆಗ ಚಮಚದಲ್ಲಿ ಒಂದು ಸಲ ತಟ್ಟಿದೆ. ಒಂದೇ ಸಲ. ಆಯ್ತು ಬಿಡೇ, ಎರಡು ಸಲ.